ಬಾಗಿಲಲ್ಲಿ 35, ಪಂಪಿನಲ್ಲಿ 2.4, ವರದಿಯಲ್ಲಿ 30.1

ಅಮೆರಿಕಕ್ಕೆ ಬಂದು ತಿಂಗಳಾಯಿತು, ಜೊತೆಗೆ ತಂದ ಗಾಳಿ ಪಂಪು ಒತ್ತಡವನ್ನು ಬಾರ್ ಲೆಕ್ಕದಲ್ಲಿ ತೋರಿಸುತ್ತದೆ, ಕಾರಿನ ಬಾಗಿಲಿನ ಚೀಟಿಯಲ್ಲಿ ಟೈರಿನ ಒತ್ತಡ 35 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್) ಎಂದಿದೆ, ಹವಾಮಾನ ವರದಿಯಲ್ಲಿ ಒತ್ತಡ 30.1 ಎನ್ನುತ್ತಾರೆ, ಇವನ್ನೆಲ್ಲ ಹೊಂದಿಸುವುದು ಹೇಗೆ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳಿಂದ ಇಲ್ಲಿರುವ ನನ್ನ ತಲೆಯಲ್ಲಿ ಟೈರಿನ ಮಟ್ಟಿಗೆ ಉಳಿದಿರುವುದು ಎರಡೇ ಸಂಖ್ಯೆಗಳು.

ಒಂದು ಬಾರ್‌ಗೆ 14.5 ಪಿಎಸ್‌ಐ. ನಿಮ್ಮ 35 ಅನ್ನು 14.5ರಿಂದ ಭಾಗಿಸಿದರೆ 2.4 ಬಾರ್, ಪಂಪನ್ನು ಅಲ್ಲಿಗೆ ನಿಲ್ಲಿಸಿ. ಎರಡನೆಯದು, ಒಂದು ಪಿಎಸ್‌ಐಗೆ 6.9 ಕಿಲೋಪ್ಯಾಸ್ಕಲ್. ಬಾಗಿಲಿನ ಚೀಟಿಯನ್ನೇ ಮತ್ತೊಮ್ಮೆ ನೋಡಿ, 35ರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 240 ಎಂದು ಇದ್ದೀತು. ಅದು ಇದೇ ಒತ್ತಡ, ಕಿಲೋಪ್ಯಾಸ್ಕಲ್‌ನಲ್ಲಿ. ಬಾಯಿಲೆಕ್ಕದಲ್ಲಿ ಪಿಎಸ್‌ಐ ಬೇಕಾದರೆ ಕಿಲೋಪ್ಯಾಸ್ಕಲ್ ಅಂಕಿಯನ್ನು ಏಳರಿಂದ ಭಾಗಿಸಿ, ಬಂದದ್ದಕ್ಕೆ 0.5 ಸೇರಿಸಿದರೆ ಸಾಕು. ಹಳೆಯ ಗೇಜುಗಳಲ್ಲಿ ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂದಿರುತ್ತದೆ. ಅದು ಬಾರ್‌ಗಿಂತ ಕೂದಲೆಳೆ ಕಡಿಮೆ, 14.2 ಪಿಎಸ್‌ಐ, ಟೈರಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಪರಿವರ್ತನೆ ಸರಿಯಿದ್ದರೂ ತಪ್ಪುವ ಜಾಗ ಬೇರೆ ಇದೆ. ಮೊದಲ ವರ್ಷ ನಾನು ಟೈರಿನ ಪಕ್ಕದಲ್ಲಿ ಉಬ್ಬಿದ ಅಕ್ಷರಗಳಲ್ಲಿದ್ದ 350 ಕಿಲೋಪ್ಯಾಸ್ಕಲ್ ಅನ್ನು ಓದಿ, 51 ಪಿಎಸ್‌ಐ ಎಂದು ಲೆಕ್ಕ ಹಾಕಿ, ಅಷ್ಟನ್ನೂ ತುಂಬಿದ್ದೆ. ಲೆಕ್ಕ ಸರಿಯಿತ್ತು. ಆದರೆ ಅದು ಆ ಟೈರು ತಾಳಬಲ್ಲ ಗರಿಷ್ಠ ಒತ್ತಡ. ನನ್ನ ಕಾರಿಗೆ ಬೇಕಾದದ್ದು 33. ಸಣ್ಣ ಗುಂಡಿಗೂ ಕಾರು ಪುಟಿಯುತ್ತಿತ್ತು, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಜಾರಿತು. ಹಿಂದಿನ ಸೀಟಿನಲ್ಲಿ ಮಗು ಇತ್ತು. ದಯವಿಟ್ಟು ಬಾಗಿಲಿನ ಚೀಟಿಯನ್ನಷ್ಟೇ ನಂಬಿ.

ಚಳಿಗಾಲಕ್ಕೂ ಸಿದ್ಧರಾಗಿರಿ. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಐದೂವರೆ ಸೆಲ್ಸಿಯಸ್ ಇಳಿದಾಗಲೆಲ್ಲ ಟೈರಿನಲ್ಲಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆಯಿರಿ.

ಇನ್ನು ಆ 30.1. ಅದು ಪಾದರಸದ ಎತ್ತರ, ಅಂಗುಲಗಳಲ್ಲಿ. ಒಂದು ಅಂಗುಲಕ್ಕೆ 33.86 ಹೆಕ್ಟೋಪ್ಯಾಸ್ಕಲ್, ಗುಣಿಸಿದರೆ 1019. ನಾವು ಓದಿ ಬಂದ ಮಿಲಿಬಾರ್ ಕೂಡ ಅದೇ. ಸಮುದ್ರಮಟ್ಟದ ಪ್ರಮಾಣಿತ ಒತ್ತಡ 29.92 ಅಂಗುಲ ಅಥವಾ 1013.25 ಹೆಕ್ಟೋಪ್ಯಾಸ್ಕಲ್. ರಕ್ತದೊತ್ತಡ ಮಾತ್ರ ಇಲ್ಲಿಯೂ ಪಾದರಸದ ಮಿಲಿಮೀಟರಿನಲ್ಲೇ ಇದೆ, ನಿಮ್ಮ ಹಳೆಯ ವರದಿಗಳನ್ನು ಹಾಗೆಯೇ ತೋರಿಸಬಹುದು.

ಈ ವಾಯುಭಾರವನ್ನು ಟೈರಿನ ಅಂಕಿಯೊಂದಿಗೆ ಬೆರೆಸಬೇಡಿ. ಟೈರಿನ ಗೇಜು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಪೂರ್ತಿ ಚಪ್ಪಟೆಯಾದ ಟೈರಿನಲ್ಲಿ ಅದು ಸೊನ್ನೆ ತೋರಿಸುವಾಗಲೂ ಸಮುದ್ರಮಟ್ಟದಲ್ಲಿ ಒಳಗೆ 14.7 ಪಿಎಸ್‌ಐ ಇದ್ದೇ ಇರುತ್ತದೆ. ಹವಾಮಾನ ವರದಿಯ ಅಂಕಿಯಾದರೋ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಮುಂದೆ ಡೆನ್ವರ್‌ನಂಥ ಎತ್ತರದ ಊರಿಗೆ ಹೋದರೆ ಮೊಬೈಲಿನ ಸಂವೇದಕ 830 ಹೆಕ್ಟೋಪ್ಯಾಸ್ಕಲ್‌ನ ಆಸುಪಾಸು ತೋರಿಸುತ್ತದೆ, ವರದಿ ಮಾತ್ರ 30 ಅಂಗುಲವನ್ನೇ ಹೇಳುತ್ತಿರುತ್ತದೆ. ಆಗ ನಿಮ್ಮ ಗುಣಾಕಾರವನ್ನು ಅನುಮಾನಿಸಬೇಡಿ.