ಅಪ್ಪನ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಮುಗಿದು ಐದು ತಿಂಗಳಾಗಿದೆ, ಮತ್ತೆ ಎಲ್‌ಎಲ್‌ನಿಂದ (ಕಲಿಯುವವರ ಲೈಸೆನ್ಸಿನಿಂದ) ಶುರು ಮಾಡಬೇಕಾ?

ನಿಮ್ಮ ಅಪ್ಪನಿಗೆ ಈಗಷ್ಟೇ 50 ತುಂಬಿದೆ. ಹಾಸನದಲ್ಲಿ ಮಾಡಿಸಿದ, ಕಾರ್ಡ್ ಅಲ್ಲದ ಹಳೇ ಪುಸ್ತಕದ ಡಿಎಲ್. ಅವಧಿ ಮುಗಿದು ಐದು ತಿಂಗಳಾಗಿದೆ. ಈಗ ನೀವೆಲ್ಲ ಬೆಂಗಳೂರಿನಲ್ಲಿದ್ದೀರಿ. ಏಜೆಂಟ್ ಒಬ್ಬರು "ಎಲ್ಲಾ ಮೊದಲಿಂದ ಮಾಡಿಸಬೇಕು, ಮೆಡಿಕಲ್ ಸರ್ಟಿಫಿಕೇಟ್ ನಾವೇ ಹಾಕಿಸ್ತೀವಿ, ನಿಮ್ಮ ತಂದೆ ಬರೀ ಫೋಟೋಗೆ ಬಂದರೆ ಸಾಕು" ಅಂದಿದ್ದಾರೆ. ಇದು ನಿಜವಾ ಅಂತ ಕೇಳಿದ್ದೀರಿ.

ನಿಜ ಅಲ್ಲ. ಎಲ್‌ಎಲ್ ಬೇಡ, ಡ್ರೈವಿಂಗ್ ಟೆಸ್ಟೂ ಬೇಡ. ಅವಧಿ ಮುಗಿದ ದಿನದಿಂದ ಒಂದು ವರ್ಷದ ಒಳಗೆ ಅರ್ಜಿ ಹಾಕಿದರೆ ಅದು ಬರೀ ನವೀಕರಣ. ಒಂದು ವರ್ಷ ದಾಟಿದರೆ ಮಾತ್ರ ಮತ್ತೆ ಟೆಸ್ಟ್ ಕೊಡಬೇಕಾಗುತ್ತೆ. ನಿಮಗೆ ಇನ್ನೂ ಏಳು ತಿಂಗಳಿದೆ, ಗಾಬರಿ ಆಗಬೇಡಿ.

ಆದರೆ ಒಂದು ಮಾತು. ಹೊಸ ಡಿಎಲ್ ಬರುವವರೆಗೆ ಅಪ್ಪ ಗಾಡಿ ಮುಟ್ಟುವುದು ಬೇಡ. ಮೊದಲು ಅವಧಿ ಮುಗಿದ ಮೇಲೂ 30 ದಿನ ಡಿಎಲ್ ನಡೆಯುತ್ತಿತ್ತು. ಆ ವಿನಾಯಿತಿಯನ್ನು 2019ರ ತಿದ್ದುಪಡಿಯಲ್ಲಿ ತೆಗೆದಿದ್ದಾರೆ. ಪೊಲೀಸರು ಹಾಕುವ ದಂಡ ಬಿಡಿ, ಹೇಗೋ ಕಟ್ಟಬಹುದು. ಈ ಸಮಯದಲ್ಲಿ ಏನಾದರೂ ಅಪಘಾತ ಆದರೆ ಇನ್ಶೂರೆನ್ಸ್‌ನವರು ನಿಮ್ಮ ಗಾಡಿಯ ಕ್ಲೇಮ್ ತಿರಸ್ಕರಿಸಬಹುದು. ಎದುರಿನವರಿಗೆ ಕೊಟ್ಟ ಪರಿಹಾರವನ್ನೂ ನಿಮ್ಮಿಂದಲೇ ವಸೂಲಿ ಮಾಡಬಹುದು. ನನಗೆ ಭಯ ಇರುವುದು ಅದರ ಬಗ್ಗೆ.

ಇನ್ನು ಪುಸ್ತಕದ ವಿಷಯ. ನಿಮ್ಮ ಕೇಸಿನಲ್ಲಿ ನಿಜವಾಗಿ ಓಡಾಟ ಇರುವುದು ಇಲ್ಲೇ. ನವೀಕರಣದ ಅರ್ಜಿ ಈಗ ಸರ್ಕಾರದ ಸಾರಿಗೆ ವೆಬ್‌ಸೈಟ್ ಪರಿವಾಹನ್‌ನ ಸಾರಥಿ ಪೋರ್ಟಲ್‌ನಲ್ಲಿ ಹಾಕಬೇಕು. ಅಲ್ಲಿ ಡಿಎಲ್ ನಂಬರ್, ಹುಟ್ಟಿದ ದಿನಾಂಕ ಎರಡನ್ನೂ ಕೇಳುತ್ತೆ. ಹಳೇ ಪುಸ್ತಕದ ಡಿಎಲ್ ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದೇ ಇಲ್ಲ. ನನ್ನ ಸೋದರಮಾವನದು ಹೀಗೇ ಆಯ್ತು. ಯಾವ ರೀತಿ ನಂಬರ್ ಹಾಕಿದರೂ ದಾಖಲೆ ಇಲ್ಲ ಅಂತಲೇ ಬಂತು. ಹಾಗಾದರೆ ಮೂಲತಃ ಡಿಎಲ್ ಕೊಟ್ಟ ಆಫೀಸಿಗೆ ಹೋಗಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಅಂದ್ರೆ ಹಳೇ ರಿಜಿಸ್ಟರ್ ನೋಡಿ ನಿಮ್ಮ ವಿವರವನ್ನು ಸಾರಥಿಗೆ ಹತ್ತಿಸುವುದು. ಅದಕ್ಕೆ ನೀವು ಒಂದು ಸಲ ಹಾಸನಕ್ಕೆ ಹೋಗಿ ಬರಬೇಕಾಗಬಹುದು. ಮೂಲ ಪುಸ್ತಕ, ಆಧಾರ್, ಎರಡರ ಜೆರಾಕ್ಸ್ ಇಟ್ಟುಕೊಂಡು ಬೆಳಗ್ಗೆಯೇ ಹೋಗಿ. ಹುಟ್ಟಿದ ದಿನಾಂಕ ಎರಡರಲ್ಲೂ ಒಂದೇ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ದಾಖಲೆ ಒಮ್ಮೆ ಹತ್ತಿತು ಅಂದ್ರೆ ಮುಂದಿನದನ್ನು ಬೆಂಗಳೂರಿನಲ್ಲೇ ಮಾಡಿಸಬಹುದು. ರಾಜ್ಯದ ಯಾವ ಆರ್‌ಟಿಓದಲ್ಲಾದರೂ ಅರ್ಜಿ ಹಾಕಬಹುದು, ಹಾಸನದ ಡಿಎಲ್ ಅಂತ ಹಾಸನದಲ್ಲೇ ನವೀಕರಿಸಬೇಕಿಲ್ಲ.

ಈಗ ಏಜೆಂಟ್ ಹೇಳಿದ ಮೆಡಿಕಲ್ ಸರ್ಟಿಫಿಕೇಟ್ ಬಗ್ಗೆ. ನಾನು ಇಷ್ಟುದ್ದ ಬರೆಯುತ್ತಿರುವುದೇ ಇದಕ್ಕಾಗಿ.

40 ದಾಟಿದವರಿಗೆ ನಮೂನೆ 1ಎ ಅನ್ನುವ ಮೆಡಿಕಲ್ ಸರ್ಟಿಫಿಕೇಟ್ ಬೇಕು. ಎಂಬಿಬಿಎಸ್ ಡಾಕ್ಟರ್ ಪರೀಕ್ಷೆ ಮಾಡಿ, ಸಹಿ ಹಾಕಿ, ತಮ್ಮ ನೋಂದಣಿ ಸಂಖ್ಯೆ ಇರುವ ಸೀಲ್ ಒತ್ತಬೇಕು. ಆರ್‌ಟಿಓ ಆಫೀಸಿನ ಹತ್ತಿರ ಇದನ್ನು ಐದು ನಿಮಿಷದಲ್ಲಿ ತಂದುಕೊಡುವವರು ಸಿಗುತ್ತಾರೆ. ನಮ್ಮ ಅಪ್ಪನ ಡಿಎಲ್ ನವೀಕರಿಸಲು ಹೋದಾಗ ನಮಗೂ ಒಬ್ಬರು ಹಾಗೇ ಹೇಳಿದ್ದರು. ಅಪ್ಪನಿಗೆ ಆಗ 60. ಮಲೆನಾಡಿನ ಹಳ್ಳಿ ನಮ್ಮದು. ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ, ಎಲ್ಲಾ ಟಿವಿಎಸ್ ಎಕ್ಸ್‌ಎಲ್ ಮೇಲೇ. ಸುಮ್ನೆ ದುಡ್ಡು ಕೊಟ್ಟು ಮುಗಿಸೋಣ ಅಂತ ಅಪ್ಪನೇ ಅಂದರು. ಅಮ್ಮ ಒಪ್ಪಲಿಲ್ಲ. "ಹೇಗೂ ಪೇಟೆಗೆ ಬಂದಾಗಿದೆ, ಬಿಪಿ ತೋರಿಸಿದ ಹಾಗೂ ಆಗುತ್ತೆ" ಅಂತ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಫಾರಂ ಪೂರ್ತಿ ಓದಿದರು. ಅದರಲ್ಲಿ ಒಂದು ಪ್ರಶ್ನೆ ಇದೆ: ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲರೇ ಅಂತ. ಅವರು ಅಪ್ಪನನ್ನು ಕ್ಲಿನಿಕ್ಕಿನ ಬಾಗಿಲಿಗೆ ಕರೆದುಕೊಂಡು ಬಂದರು. ರಸ್ತೆಯ ಆಚೆ, ಮೆಡಿಕಲ್ ಶಾಪ್ ಪಕ್ಕ ಒಂದು ಬಿಳಿ ಕಾರು ನಿಂತಿತ್ತು. "ಅದರ ನಂಬರ್ ಓದಿ ನೋಡೋಣ." ಅಪ್ಪ ಪಟಪಟ ಓದಿದರು. ಆಮೇಲೆ ಡಾಕ್ಟರು ಎಡಗಣ್ಣು ಮುಚ್ಚಿಕೊಳ್ಳಿ ಅಂದರು. ಅಪ್ಪ ಅಂಗೈಯಿಂದ ಮುಚ್ಚಿಕೊಂಡು ಸುಮಾರು ಹೊತ್ತು ನಿಂತರು. "ಕೆಎ... ಆಮೇಲೆ ಮೂರೋ ಎಂಟೋ" ಅಂದರು. ಆಮೇಲೆ ಮೆಲ್ಲಗೆ, "ಮಂಜು ಕವಿದ ಹಾಗಿದೆ" ಅಂದರು. ಬೆಳಗ್ಗೆ ಹನ್ನೊಂದು ಗಂಟೆ, ಬಿಸಿಲು ಚುರ್ ಅನ್ನುತ್ತಿತ್ತು.

ಡಾಕ್ಟರು ಪೆನ್ನಿನ ಕ್ಯಾಪ್ ಹಾಕಿ ಜೇಬಿಗಿಟ್ಟರು. "ಇವತ್ತು ಸಹಿ ಹಾಕಲ್ಲ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ."

ಬಲಗಣ್ಣಿಗೆ ಪೊರೆ ಬಂದಿತ್ತು. ರಾತ್ರಿ ಎದುರಿನ ಗಾಡಿಯ ಲೈಟು ಕಣ್ಣಿಗೆ ಚೆಲ್ಲಾಡುತ್ತೆ ಅಂತ ಅಪ್ಪ ಒಂದೆರಡು ವರ್ಷದಿಂದ ಹೇಳುತ್ತಿದ್ದರು. ಈಗಿನ ಎಲ್‌ಇಡಿ ಲೈಟೇ ಹಾಗೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಎರಡು ಕಣ್ಣೂ ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೆಲಸವನ್ನೂ ಮಾಡಿಬಿಡುತ್ತೆ, ಹಾಗಾಗಿ ಅವರಿಗೇ ಗೊತ್ತಾಗಿರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಒಂದು ಮಾತೂ ಆಡಲಿಲ್ಲ. ಗಾಡಿ ಬಿಡಿಸಿಬಿಡುತ್ತಾರೆ ಅಂತ ಅವರಿಗೆ ಅನ್ನಿಸಿತ್ತು. ಹಳ್ಳಿಯಲ್ಲಿ ಗಾಡಿ ಇಲ್ಲದಿದ್ದರೆ ಎಲ್ಲದಕ್ಕೂ ಯಾರನ್ನಾದರೂ ಕೇಳಬೇಕು, ಅದು ಅವರಿಗೆ ಆಗದ ಮಾತು. ಆಪರೇಷನ್ ಆಗಿ, ಕಣ್ಣಿನ ಡಾಕ್ಟರು ಸರಿ ಅಂದ ಮೇಲೆ ಅದೇ ಕ್ಲಿನಿಕ್ಕಿಗೆ ಹೋದೆವು. ಮತ್ತೆ ಬಾಗಿಲಲ್ಲಿ ನಿಂತು, ಈ ಸಲ ಬರೀ ಬಲಗಣ್ಣಿನಲ್ಲೇ ಒಂದು ಬೈಕಿನ ನಂಬರ್ ಓದಿದರು. ಸಹಿ ಸಿಕ್ಕಿತು. ಒಂದು ವರ್ಷದ ಗಡುವಿಗೆ ಇನ್ನೂ ಮೂರು ತಿಂಗಳಿತ್ತು.

ಅವತ್ತು ನಾವು ಆ ರೆಡಿಮೇಡ್ ಸರ್ಟಿಫಿಕೇಟ್ ತಗೊಂಡಿದ್ದರೆ ಅಪ್ಪ ಒಂದೇ ಕಣ್ಣಿನಲ್ಲಿ ಇನ್ನೆಷ್ಟು ದಿನ ಕತ್ತಲಲ್ಲಿ ಗಾಡಿ ಓಡಿಸುತ್ತಿದ್ದರೋ. ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ. ದಯವಿಟ್ಟು ನಿಮ್ಮ ಅಪ್ಪನನ್ನು ನಿಜವಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ.

ಉಳಿದದ್ದು ಸುಲಭ. ಸಾರಥಿಯಲ್ಲಿ ಕರ್ನಾಟಕ ಆರಿಸಿ, ಡಿಎಲ್ ನವೀಕರಣಕ್ಕೆ ಹೋಗಿ, ವಿವರ ತುಂಬಿ, 1ಎ ಸ್ಕ್ಯಾನ್ ಮಾಡಿ ಹಾಕಿ, ಶುಲ್ಕ ಕಟ್ಟಿ, ದಿನ ಗೊತ್ತು ಮಾಡಿಕೊಳ್ಳಿ. ಕೇಂದ್ರದ ನಿಯಮದಲ್ಲಿ ನವೀಕರಣಕ್ಕೆ 200 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200 ರೂಪಾಯಿ. ತಡವಾಗಿದ್ದಕ್ಕೆ ಏನಾದರೂ ಸೇರಿದರೆ ಪೋರ್ಟಲ್ಲೇ ತೋರಿಸುತ್ತೆ. ಮೊಬೈಲ್ ನಂಬರ್ ಮಾತ್ರ ಅಪ್ಪನದೋ ನಿಮ್ಮದೋ ಹಾಕಿ. ಏಜೆಂಟರು ಎಷ್ಟೋ ಸಲ ತಮ್ಮ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಓಟಿಪಿ ಎಲ್ಲಾ ಅವರಿಗೇ ಹೋಗುತ್ತೆ, ಮುಂದಿನ ಪ್ರತಿ ಕೆಲಸಕ್ಕೂ ಅವರನ್ನೇ ಹುಡುಕಿಕೊಂಡು ಹೋಗಬೇಕು.

ಆಫೀಸಿಗೆ ಅಪ್ಪನೇ ಹೋಗಬೇಕು. ಫೋಟೋ ತೆಗೆಯುತ್ತಾರೆ, ಎಲೆಕ್ಟ್ರಾನಿಕ್ ಪ್ಯಾಡ್ ಮೇಲೆ ಸಹಿ ಮಾಡಿಸುತ್ತಾರೆ. ನಮ್ಮ ಅಪ್ಪ ಕನ್ನಡದಲ್ಲಿ ಸಹಿ ಮಾಡುವವರು. ಆ ಪ್ಯಾಡ್ ಮೇಲೆ ಎರಡು ಸಲ ಒತ್ತಕ್ಷರ ಹೊರಗೆ ಹೋಯ್ತು. ಅಲ್ಲಿದ್ದ ಹುಡುಗಿ "ನಿಧಾನಕ್ಕೆ ಮಾಡಿ ಅಜ್ಜಾ, ಏನೂ ಅರ್ಜೆಂಟಿಲ್ಲ" ಅಂದಳು. ಹಿಂದೆ ಉದ್ದ ಸಾಲಿತ್ತು, ಆದರೂ ಹಾಗಂದಳು. ಮೂರನೇ ಸಲ ಸರಿಯಾಯ್ತು. ಕಾರ್ಡ್ ಸ್ಪೀಡ್ ಪೋಸ್ಟಿನಲ್ಲಿ ಮನೆಗೇ ಬಂತು, ಹಾಗಾಗಿ ವಿಳಾಸ ಸರಿಯಾಗಿ ತುಂಬಿ. ಅದು ಕೈಗೆ ಬರುವ ಮೊದಲೇ ಡಿಜಿಲಾಕರ್‌ನಲ್ಲಿ ಬಂದಿದ್ದರೆ ಅದನ್ನೂ ತೋರಿಸಬಹುದು, ಕಾನೂನಿನಲ್ಲಿ ಅದು ಊರ್ಜಿತ.

ನಿಮ್ಮ ಅಪ್ಪ 50ರಿಂದ 55ರ ಒಳಗಿನವರು, ಹಾಗಾಗಿ ಅವರ ಡಿಎಲ್ ಈಗ 60 ತುಂಬುವವರೆಗೆ ನಡೆಯುತ್ತೆ. ಆಮೇಲೆ ಐದೈದು ವರ್ಷಕ್ಕೆ. ಇವತ್ತು ಸಂಜೆಯೇ ಸಾರಥಿಯಲ್ಲಿ ಆ ಪುಸ್ತಕದ ನಂಬರ್ ಹಾಕಿ ನೋಡಿ. ದಾಖಲೆ ಸಿಕ್ಕಿತಾ, ಹಾಸನಕ್ಕೆ ಹೋಗಬೇಕಾ ಅಂತ ತಿಳಿಸಿ. ಬ್ಯಾಕ್‌ಲಾಗ್‌ಗೆ ಮಾವ ಏನೇನು ಕಾಗದ ಕೊಟ್ಟಿದ್ದರು ಅಂತ ಕೇಳಿ ಹೇಳುತ್ತೇನೆ.