ಹಾಡಿಲ್ಲದೆ ಹೇಗೆ ನಟಿಸಲಿ, ಅಕ್ಕ?

ಪ್ರಶ್ನೆ: ಅಕ್ಕ, ನಾನು ಅಮೆರಿಕದಲ್ಲಿ 11ನೇ ಕ್ಲಾಸು ಓದುತ್ತಿದ್ದೇನೆ. ಮೂರು ವರ್ಷದಿಂದ ಶಾಲೆಯ ಮ್ಯೂಸಿಕಲ್‌ಗಳಲ್ಲಿ ಹಾಡಿ ಕುಣಿದದ್ದೇ ಜಾಸ್ತಿ. ಬರೀ ಮಾತಿನ ನಾಟಕ ಒಂದೂ ಮಾಡಿಲ್ಲ. ಈಗ ಕಾಲೇಜಿನಲ್ಲಿ ಆಕ್ಟಿಂಗ್ ಬಿಎಫ್‌ಎ, ಅಂದರೆ ನಟನೆಯ ಪದವಿ, ಮಾಡುವ ಆಸೆ. ಮ್ಯೂಸಿಕಲ್‌ನವಳು ಅಂತ ಆಡಿಷನ್‌ನಲ್ಲೇ ಬೇಡ ಅಂದುಬಿಡುತ್ತಾರಾ?

ಉತ್ತರ: ಹಾಗೆಲ್ಲ ಅನ್ನುವುದಿಲ್ಲ ಕಣಮ್ಮ. ಆದರೆ ನಿನ್ನ ಕೈ ನಿನ್ನ ಗುಟ್ಟು ಬಿಟ್ಟುಕೊಡುತ್ತದೆ. ನನಗಾದದ್ದು ಕೇಳು.

ನಾನೂ ಮ್ಯೂಸಿಕಲ್‌ನಿಂದ ಬಂದವಳೇ. ಮೊದಲ ಆಡಿಷನ್‌ಗೆ ಒಂದೂವರೆ ನಿಮಿಷದ ಮಾನೊಲಾಗ್, ಅಂದರೆ ನಾಟಕದಲ್ಲಿ ಒಂದೇ ಪಾತ್ರ ಆಡುವ ಉದ್ದದ ಮಾತು, ತಯಾರಾಗಿತ್ತು. ಅಕ್ಕನ ಜೊತೆ ಜಗಳಕ್ಕೆ ಬಿದ್ದ ಹುಡುಗಿಯ ಮಾತು. ಕೊನೆಯ ಸಾಲು ಮುಗಿಯಿತು. ನನ್ನ ಬಲಗೈ ಮಾತ್ರ ಗಾಳಿಯಲ್ಲೇ ಇತ್ತು, ಗಲ್ಲ ಮೇಲಕ್ಕೆತ್ತಿತ್ತು, ಮುಖದಲ್ಲಿ ನಗು. ಚಪ್ಪಾಳೆಗೆ ಕಾಯುತ್ತಿದ್ದೆ! ಮೇಜಿನ ಆಚೆ ಕೂತಿದ್ದವರು ಕೇಳಿದ್ದು ಒಂದೇ: "ಇಷ್ಟು ಹೊತ್ತು ಯಾರ ಹತ್ತಿರ ಮಾತಾಡ್ತಿದ್ದೆ?" ಥಿಯೇಟರಿನ ಬಾಲ್ಕನಿಯಲ್ಲಿ ಕೂರುವವರ ಹತ್ತಿರ, ಇನ್ಯಾರ ಹತ್ತಿರ? ಆ ಕಾಲೇಜು ನನಗೆ ಸಿಗಲಿಲ್ಲ.

ಮ್ಯೂಸಿಕಲ್‌ನಲ್ಲಿ ನಮಗಿಂತ ಮೊದಲೇ ಪಿಯಾನೊ ಅಳುತ್ತದೆ, ನಗುತ್ತದೆ. ಅದರ ಹಿಂದೆ ಹೋದರಾಯಿತು. ಮಾನೊಲಾಗ್‌ನಲ್ಲಿ ಆ ಆಸರೆ ಇಲ್ಲ. ಅದಕ್ಕೇ ನಮ್ಮಂಥವರು ಮಾತನ್ನೇ ರಾಗ ಎಳೆಯುತ್ತೇವೆ, ಸಾಲಿಗೊಂದು ಸಲ ಕೈ ಎತ್ತುತ್ತೇವೆ.

ನಿನಗೆ ಬಾಯಿಪಾಠ ಇರುವ ನಿಧಾನದ ಹಾಡೊಂದನ್ನು ತಗೋ. ಹಾಡಬೇಡ, ಹೇಳು. ತಾಳ ಬಿಡು, ಪ್ರಾಸ ಒತ್ತಬೇಡ. ಎದುರಿಗೆ ಒಬ್ಬರನ್ನು ಕೂರಿಸಿ ಅವರ ಕೈಗೆ ಫೋನ್ ಕೊಡು. ಅವರು ಅದನ್ನೇ ನೋಡುತ್ತಿರಲಿ. ಆ ಫೋನ್ ಕೆಳಗಿಡುವ ಹಾಗೆ ಮಾಡುವುದು ನಿನ್ನ ಕೆಲಸ. ಗದರಿಸಿದರೆ ಆಗಲಿಲ್ಲವಾ? ಮುಂದಿನ ಸಾಲಿನಲ್ಲಿ ಪುಸಲಾಯಿಸು, ಅದೂ ಆಗದಿದ್ದರೆ ಚುಚ್ಚು. ಆಕ್ಟಿಂಗ್ ಕ್ಲಾಸಿನಲ್ಲಿ ಆಬ್ಜೆಕ್ಟಿವ್ (ಎದುರಿನವರಿಂದ ಬೇಕಾದದ್ದು), ಟ್ಯಾಕ್ಟಿಕ್ (ಅದನ್ನು ಪಡೆಯುವ ಉಪಾಯ) ಅನ್ನುವುದು ಇದನ್ನೇ. ಎರಡು ವಾರ ಹೀಗೆ ಮಾಡಿ, ಆಮೇಲೆ ಮಾನೊಲಾಗ್‌ಗೆ ಬಾ. ಕೈ ಸುಮ್ನಿರದಿದ್ದರೆ ತೊಡೆಯ ಕೆಳಗೆ ಹಾಕಿಕೊಂಡು ಕೂತು ಹೇಳು. ನಾನು ಒಂದು ಬೇಸಿಗೆ ಪೂರ್ತಿ ಹಾಗೇ ಕೂತಿದ್ದೆ.

ಸಾಮಾನ್ಯವಾಗಿ ಕೇಳುವುದು ಎರಡು ಮಾನೊಲಾಗ್, ಒಂದಕ್ಕಿಂತ ಒಂದು ಬೇರೆ ಥರದ್ದು. ಒಂದೊಂದೂ 60ರಿಂದ 90 ಸೆಕೆಂಡು. ಕೆಲವರಿಗೆ ಶೇಕ್ಸ್‌ಪಿಯರ್ ಕೂಡ ಬೇಕು. ಅಚ್ಚಾದ ನಾಟಕದಿಂದಲೇ ಆರಿಸು, ನಾಟಕ ಪೂರ್ತಿ ಓದು. ಮ್ಯೂಸಿಕಲ್‌ನ ಮಾತಿನ ತುಣುಕು ಬೇಡ. ಪಾತ್ರ ನಿನ್ನ ವಯಸ್ಸಿನದ್ದಿರಲಿ. 17ಕ್ಕೇ ಮೂರು ಮಕ್ಕಳ ತಾಯಿ ಯಾಕೆ ಆಗಬೇಕು?

ಬಹಳ ಕಾಲೇಜುಗಳು ಮೊದಲು ಪ್ರಿಸ್ಕ್ರೀನ್ ವಿಡಿಯೊ ತರಿಸಿಕೊಳ್ಳುತ್ತವೆ. ಅದರಲ್ಲಿ ಪಾಸಾದವರಿಗೆ ಮಾತ್ರ ಆಡಿಷನ್. ವಿಡಿಯೊ ಕಳಿಸುವುದು 12ನೇ ಕ್ಲಾಸಿನ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ, ಆಡಿಷನ್ ಹೆಚ್ಚಾಗಿ ಜನವರಿ, ಫೆಬ್ರುವರಿಯಲ್ಲಿ. ಅಂದರೆ ನಿನಗಿರುವುದು ಈ ಬೇಸಿಗೆ ರಜೆ ಅಷ್ಟೇ. ವಿಡಿಯೊದಲ್ಲಿ ಕ್ಯಾಮೆರಾ ಎರಡು ಮಾರು ದೂರದಲ್ಲಿರುತ್ತದೆ, ಬಾಲ್ಕನಿಯಲ್ಲಲ್ಲ. ಹುಬ್ಬು ಹಾರಿದರೂ ಕಾಣುತ್ತದೆ. ಬೇರೆ ಏನೂ ಹೇಳಿರದಿದ್ದರೆ ಕಣ್ಣು ಲೆನ್ಸಿನ ಪಕ್ಕಕ್ಕಿರಲಿ.

ಹಾಗಂತ ಹಾಡನ್ನು ಬಚ್ಚಿಡಬೇಡ. ನ್ಯೂಯಾರ್ಕಿನ ಕಲಾ ಕಾಲೇಜು ಜೂಲಿಯಾರ್ಡ್‌ನವರು ನಟನೆಯ ಆಡಿಷನ್‌ಗೂ ಹಾಡಿನ ತುಣುಕೊಂದನ್ನು ಕೇಳುತ್ತಾರೆ. ಕಾರ್ನೆಗಿ ಮೆಲನ್ ಯೂನಿವರ್ಸಿಟಿಯಲ್ಲಿ ಆಕ್ಟಿಂಗ್, ಮ್ಯೂಸಿಕ್ ಥಿಯೇಟರ್ ಎರಡೂ ಒಂದೇ ಡ್ರಾಮಾ ಸ್ಕೂಲಿನ ಒಳಗಿವೆ. ಕುಣಿಯುತ್ತಾ ಹಾಡಿದವಳಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಉದ್ದದ ಶೇಕ್ಸ್‌ಪಿಯರ್ ಸಾಲು ಬಂದಾಗ ಗೊತ್ತಾಗುತ್ತದೆ, ಪಕ್ಕದವರು ಏದುಸಿರು ಬಿಡುತ್ತಿರುತ್ತಾರೆ.

"ಮ್ಯೂಸಿಕಲ್ ಯಾಕೆ ಬಿಟ್ಟೆ?" ಅಂತ ಕೇಳಿಯೇ ಕೇಳುತ್ತಾರೆ. ಬಿಟ್ಟಿಲ್ಲ ಅನ್ನು. ಅದು ನಿಜ ಅಲ್ವಾ?