ಒಂದೇ ಸೋಪ್ ಸರ್ವರ್‌ನಲ್ಲಿ ಎರಡು ಕ್ಲಾಸ್
ಬೇರೆ ಪ್ರೋಗ್ರಾಂಗಳು ಎಕ್ಸ್‌ಎಂಎಲ್ ಸಂದೇಶ ಕಳಿಸಿ ಕರೆಯುವ ಒಂದೇ ಸೋಪ್ ಸರ್ವರ್‌ಗೆ ನೀವು ಮೊದಲು ಕಸ್ಟಮರ್, ಆಮೇಲೆ ಆರ್ಡರ್ ಎಂಬ ಎರಡು ಕ್ಲಾಸ್ ಕೊಟ್ಟಿದ್ದೀರಿ; ಒಂದರ ಮೆಥಡ್‌ಗಳು (ಕ್ಲಾಸಿನೊಳಗಿನ ಫಂಕ್ಷನ್‌ಗಳು) ಮಾತ್ರ ಏಕೆ ಸಿಗುತ್ತಿವೆ ಎಂಬುದು ನಿಮ್ಮ ಪ್ರಶ್ನೆ. ಸರ್ವರ್‌ಗೆ ಕ್ಲಾಸ್ ಒಪ್ಪಿಸುವ ಸೆಟ್‌ಕ್ಲಾಸ್ ಅನ್ನು ಎರಡು ಸಲ ಕರೆದದ್ದೇ ತೊಂದರೆ. ಪಿಎಚ್‌ಪಿಯ ಸೋಪ್‌ಸರ್ವರ್ ಒಂದೇ ಕ್ಲಾಸ್ ಇಟ್ಟುಕೊಳ್ಳುತ್ತದೆ; ಎರಡನೆಯದು ಬಂದ ಕೂಡಲೇ ಮೊದಲನೆಯದನ್ನು ಸದ್ದಿಲ್ಲದೆ ಕೈಬಿಡುತ್ತದೆ, ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದಕ್ಕೇ ನಿಮಗೆ ಆರ್ಡರ್ ಕ್ಲಾಸಿನ ಮೆಥಡ್‌ಗಳು ಸಿಗುತ್ತಿವೆ, ಕಸ್ಟಮರ್ ಕ್ಲಾಸಿನವು ಸಿಗುತ್ತಿಲ್ಲ.

ಮೂರನೆಯ ಕ್ಲಾಸ್ ಒಂದನ್ನು ಬರೆಯಿರಿ. ಅದರ ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ಮೆಥಡ್) ಹಳೆಯ ಎರಡೂ ಕ್ಲಾಸ್‌ಗಳ ಆಬ್ಜೆಕ್ಟ್‌ಗಳನ್ನೂ ಇಟ್ಟುಕೊಂಡು, ಹೊರಗಿನವರಿಗೆ ಬೇಕಾದ ಮೆಥಡ್‌ಗಳನ್ನಷ್ಟೇ ತೆರೆದು, ಕರೆಯನ್ನು ಒಳಗಿನ ಆಬ್ಜೆಕ್ಟ್‌ಗೆ ದಾಟಿಸಿ. ಎರಡರಲ್ಲೂ 'ಗೆಟ್' ಇದ್ದರೆ ಆರ್ಡರ್‌ಗೆಟ್, ಕಸ್ಟಮರ್‌ಗೆಟ್ ಎಂದು ಬೇರೆ ಮಾಡಿ. ಸೆಟ್‌ಕ್ಲಾಸ್‌ಗೆ ಇದೊಂದನ್ನೇ ಕೊಡಿ.

ಆಮೇಲೆ ಡಬ್ಲ್ಯುಎಸ್‌ಡಿಎಲ್‌ಗೂ, ಅಂದರೆ ಸರ್ವರ್‌ನಲ್ಲಿ ಯಾವ ಮೆಥಡ್‌ಗಳಿವೆ ಎಂದು ಹೊರಗಿನವರಿಗೆ ತಿಳಿಸುವ ಫೈಲಿಗೂ, ಹೊಸ ಹೆಸರುಗಳನ್ನು ಸೇರಿಸಿ. ಆಗಲೂ ಹಳೆಯ ಪಟ್ಟಿಯೇ ಬಂದರೆ ಬಹುಶಃ ಕ್ಯಾಶೆ (ಪಿಎಚ್‌ಪಿ ಉಳಿಸಿಟ್ಟುಕೊಂಡ ಆ ಫೈಲಿನ ಹಳೆಯ ಪ್ರತಿ) ಕಾರಣ: ಅದರ ಡೀಫಾಲ್ಟ್ ಅವಧಿ 86400 ಸೆಕೆಂಡ್, ಅಂದರೆ ಇಡೀ ಒಂದು ದಿನ. ಪರೀಕ್ಷೆ ಮುಗಿಯುವವರೆಗೆ ಅದನ್ನು ಆಫ್ ಮಾಡಿಡಿ.